ಚಿಗವ್ವ ಇಟ್ಟುಕೊಂಡ ಕಪ್ಪು-ಬಸಿ

ಮೊನ್ನೆ ನಮ್ಮ ಮನೆಯ ಒಂದು ಕಪ್ಪು-ಬಸಿ ವಾಪಸು ಬಂತು. ಅಂಚಿಗೆ ನೀಲಿ ಗೆರೆ, ನನ್ನ ಮದುವೆಯಲ್ಲಿ ಉಡುಗೊರೆ ಬಂದ ಆರರ ಸೆಟ್ಟಿನದು. ಸುತ್ತಿದ್ದ ಹಳೆಯ ಟವೆಲ್ಲು ಬಿಚ್ಚಿದೊಡನೆ ಒಣಮೆಣಸಿನಕಾಯಿಯ ಘಾಟು ಮೂಗಿಗೆ ಬಡಿದು ಸೀನು ಬಂತು. ಬ್ಯಾಡಗಿಯಲ್ಲಿ ಸೀನುವುದೇನು ದೊಡ್ಡ ಸಂಗತಿಯಲ್ಲ, ತೊಟ್ಟಿಲ ಕೂಸೂ ಸೀನುತ್ತದೆ. ಆದರೆ ಈ ಘಾಟು ನಮ್ಮ ಮೂಲೆಮನೆ ಚಿಗವ್ವನ ಸೆರಗಿನದು...

ರಕ್ತಸಂಬಂಧವೇನೂ ಇರಲಿಲ್ಲ. ಓಣಿಗೆಲ್ಲ ಅವಳು ಚಿಗವ್ವ, ಅವಳ ಗಂಡ ಕಾಕಾ. ಅವಳು ಮಾರ್ಕೆಟ್ಟಿನಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು, ಅವನು ಅಲ್ಲೇ ಹಮಾಲ. ಹೆಗಲ ಮೇಲೆ ಚೀಲ ಇಟ್ಟುಕೊಂಡೇ ಎದುರಿಗೆ ಸಿಕ್ಕವರ ಜೊತೆ ಹರಟೆ ಹೊಡೆಯುವಷ್ಟು ಗಟ್ಟಿ ಆಳು.

ಒಂದು ಸುಗ್ಗಿಯಲ್ಲಿ ದಲಾಲಿ ಅಂಗಡಿಯೊಂದರ ಚೀಲ ಕಾಣೆಯಾಯಿತು. ಠಾಣೆಯ ಹವಾಲ್ದಾರ ಬಂದು, “ಎರಡು ಮಾತು ಕೇಳಿ ಬಿಡ್ತೇವಿ” ಎಂದು ಕಾಕಾನನ್ನು ಕರೆದುಕೊಂಡು ಹೋದ. ತಿರುಗಿ ಬಂದಾಗ ಕಾಕಾನ ಬಲಗೈ ಎದೆಯಿಂದ ಮೇಲೆ ಏಳುತ್ತಿರಲಿಲ್ಲ. ಚೀಲವೋ, ಪಕ್ಕದ ಅಂಗಡಿಯವರು ಪೇರಿಸಿಟ್ಟ ಚೀಲಗಳ ಥಪ್ಪಿಯಲ್ಲಿ ಸೇರಿಕೊಂಡಿತ್ತು, ಆ ವಾರವೇ ಸಿಕ್ಕಿತು. ತಪ್ಪಾಯಿತು ಅನ್ನುವ ಒಂದು ಮಾತು ಯಾರ ಬಾಯಿಂದಲೂ ಬರಲಿಲ್ಲ. ಕೈಗೆ ಏನಾಯಿತು ಎಂದು ಕೇಳಿದವರಿಗೆಲ್ಲ ಕಾಕಾ, “ಬಿದ್ದೆನಿ” ಅನ್ನುತ್ತಿದ್ದ. ಬಿದ್ದನೆಂದು ನಂಬಿದವರು ಕಡಿಮೆ. ಕದ್ದಿರಬೇಕು, ಅದಕ್ಕೇ ಬಾಯಿ ಬಿಡುತ್ತಿಲ್ಲ ಎಂದು ಗುಸುಗುಸು ಮಾತಾಡಿದವರೇ ಹೆಚ್ಚು.

“ಚೀಲ ಸಿಕ್ತು. ಇವರ ಕೈ ಎಲ್ಲಿ ಸಿಗತೈತಿ?” ಎಂದಳು ಚಿಗವ್ವ.

ಪೊಲೀಸರ ಮೇಲಿನ ದೂರು ಕೇಳಲು ಪೊಲೀಸರಲ್ಲದವರದೇ ಒಂದು ಸಮಿತಿ ಇದೆ ಎಂದು ಯಾರೋ ಅವಳಿಗೆ ಹೇಳಿದರು. ಕೂಲಿ ಬಿಟ್ಟು ಹಾವೇರಿಗೆ ಅಲೆದಳು. ಪರಿಹಾರ ಗಿರಿಹಾರ ಅವಳಿಗೆ ಬೇಕಿರಲಿಲ್ಲ. ಹೊಡೆದದ್ದು ಖರೇ, ಈತ ಕಳ್ಳನಲ್ಲ ಎಂದು ತಿಳಿದವರು ಯಾರಾದರೂ ಹೇಳಬೇಕಿತ್ತು, ಅಷ್ಟೇ.

ಕೊನೆಗೂ ಸಮಿತಿಯವರು ಮನೆಗೇ ಬರುತ್ತಾರೆಂದು ಗೊತ್ತಾಯಿತು. ಅವರು ಬರುವ ದಿನ ಬೆಳಿಗ್ಗೆ ನಮ್ಮ ಮನೆಗೆ ಓಡುತ್ತ ಬಂದಳು. “ನಿನ್ನ ಕಪ್ಪು-ಬಸಿ ಕೊಡವ್ವಾ. ಮೂರು ಮಂದಿ ಸಾಹೇಬ್ರು, ಒಬ್ಬ ಗುಮಾಸ್ತ, ಒಬ್ಬ ಡ್ರೈವರು. ಇನ್ನೊಂದು ಇವರಿಗೆ. ಸಾಹೇಬ್ರ ಸರಿಸಮ ಕುಂತು ಕುಡೀಲಿ.”

ಸ್ವತಂತ್ರ ಸಮಿತಿ ಬಂದದ್ದು ಅದೇ ಠಾಣೆಯ ಜೀಪಿನಲ್ಲಿ. ಐವರ ಹಿಂದೆ ಆರನೆಯವನಾಗಿ ಇಳಿದವನು ಅದೇ ಹವಾಲ್ದಾರ. ದಾರಿ ತೋರಿಸಲು ಬಂದಿದ್ದನಂತೆ. ದಾರಿ ಅವನಿಗೆ ಗೊತ್ತಿತ್ತು ಬಿಡಿ, ಹಿಂದೆ ಒಮ್ಮೆ ಬಂದವನೇ ತಾನೆ. ಸಮಿತಿಯವರ ಸಾಲಿನಲ್ಲೇ ಕುಳಿತ. ಅವನನ್ನು ಹೊರಗೆ ಹೋಗು ಎಂದು ಆ ಸಾಹೇಬರಲ್ಲಿ ಒಬ್ಬರೂ ಹೇಳಲಿಲ್ಲ.

ಚಹಾದ ತಾಟು ಹಿಡಿದು ಚಿಗವ್ವ ಒಳಬಾಗಿಲಲ್ಲಿ ನಿಂತುಬಿಟ್ಟಳು. ನಾನು ಪಕ್ಕದಲ್ಲೇ ಇದ್ದೆ. “ಅವಂಗ ಕೊಡಬ್ಯಾಡ ಚಿಗವ್ವ” ಎಂದೆ ಮೆಲ್ಲಗೆ.

“ಸಾಲಿನ್ಯಾಗ ಕುಂತಾನವ್ವಾ. ಪಂಕ್ತಿಭೇದ ಹೆಂಗ ಮಾಡ್ಲಿ?”

ಮಾಡಲಿಲ್ಲ. ಕಾಕಾನ ಪಾಲಿನ ಕಪ್ಪು ಹವಾಲ್ದಾರನಿಗೆ ಹೋಯಿತು. ಅವನು ಬಸಿಗೆ ಸುರಿದುಕೊಂಡು ಸೊರ್ರನೆ ಕುಡಿದ. ಅವನೆದುರಿಗೇ ಸಾಹೇಬರು, “ನಿಮಗೆ ಯಾರಾದರೂ ಹೊಡೆದರೇನು?” ಎಂದು ಕಾಕಾನನ್ನು ಕೇಳಿದರು. ಕಾಕಾ ನೆಲ ನೋಡಿದ. “ಬಿದ್ದೆನ್ರಿ” ಎಂದ. “ಇಲ್ರೀ, ಇವರs ಹೊಡದಾರ” ಎಂದು ಚಿಗವ್ವ ಹವಾಲ್ದಾರನತ್ತ ಕೈ ಮಾಡಿ ತೋರಿಸಿದಳು. ಗುಮಾಸ್ತ ಏನೋ ಬರೆದುಕೊಂಡ...

ಕೆಲವು ತಿಂಗಳ ಮೇಲೆ ಉತ್ತರ ಬಂತು. ಓದಿ ಹೇಳಿದವಳು ನಾನೇ. ಬಾಧಿತರು ಹಲ್ಲೆಯನ್ನು ಹೇಳಿಲ್ಲ, ಅಲ್ಲದೆ ಆಪಾದಿತ ಸಿಬ್ಬಂದಿಯನ್ನು ದೂರುದಾರರೇ ಮನೆಯಲ್ಲಿ ಕೂರಿಸಿ ಉಪಚರಿಸಿದ್ದಾರೆ, ಆದ್ದರಿಂದ ದೂರಿನಲ್ಲಿ ಹುರುಳಿಲ್ಲ, ಮುಕ್ತಾಯಗೊಳಿಸಿದೆ. ಎರಡನೇ ಸಲ ಓದಿಸಿದಳು. ಆಮೇಲೆ “ಚಾ ಕೊಡಲಿಲ್ಲಂದ್ರ ಇವರ ಕೈ ಮುರದದ್ದು ಖರೇ ಆಗತಿತ್ತೇನವ್ವಾ?” ಎಂದಳು. ನಾನು ಕಾಗದ ಮಡಚಿ ಅವಳ ಕೈಗಿಟ್ಟೆ.

ನನಗೆ ಐದು ಕಪ್ಪು-ಬಸಿ ಮಾತ್ರ ತಿರುಗಿ ಕೊಟ್ಟಳು. “ಅವ ಕುಡಿದದ್ದು ನಿನ್ನ ಮಕ್ಕಳ ಬಾಯಿಗೆ ಬ್ಯಾಡ. ಒಡ್ಯಾಕೂ ಬರೂದಿಲ್ಲ, ಮಂದಿ ಸಾಮಾನು” ಎಂದು ಆರನೆಯದನ್ನು ಗೂಡಿನಲ್ಲಿ ಎತ್ತಿಟ್ಟಳು. ಮತ್ತೆ ಹಾವೇರಿಗೆ ಹೋಗಲಿಲ್ಲ. ತೊಟ್ಟು ಬಿಡಿಸುತ್ತ, ಕಾಕಾನ ಅಂಗಿಯ ಗುಂಡಿ ಹಾಕುತ್ತ ವರ್ಷಗಳನ್ನು ಕಳೆದಳು. ಹೋದ ತಿಂಗಳು ತೀರಿಕೊಂಡಳು.

ಮೊನ್ನೆ ಅದನ್ನು ತಂದವನು ಕಾಕಾ. ಕೂರಿಸಿ ಚಹಾಕ್ಕಿಟ್ಟೆ. ಬೇರೆ ಕಪ್ಪು ತೆಗೆಯಹೋದರೆ, “ಇದರಾಗs ಕೊಡವ್ವಾ. ಅವತ್ತು ನನಗಂತ ತಂದಿದ್ಳು” ಎಂದ. ತೊಳೆದು ಅದರಲ್ಲೇ ಕೊಟ್ಟೆ. ಹಟಕ್ಕೋ ಏನೋ, ಬಲಗೈಯಲ್ಲೇ ಹಿಡಿದ. ಕಪ್ಪು ಎದೆಯವರೆಗೆ ಬಂದು ನಿಂತಿತು. ತಲೆ ಬಗ್ಗಿಸಿ, ಅಲ್ಲಿಗೇ ಬಾಯಿ ತಂದು ಕುಡಿದ. ಕುಡಿದು ಮುಗಿಸಿ ಕೆಳಗಿಟ್ಟ.

“ಹೊಡದಿದ್ರವ್ವಾ” ಎಂದ.

ಬಾಯಿ ಬಿಟ್ಟು ಹೇಳಿದ್ದು ಅದೇ ಮೊದಲು. ಕೇಳಬೇಕಾದವಳು ಇರಲಿಲ್ಲ.