ಮೊಳೆಗೆ ತೂಗುಹಾಕಿದ ಚೀಲ

ಆ ಬೀದಿಯಲ್ಲಿ ಚೀಲ ಹೊಲಿಯುವವನನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಮೂವತ್ತೊಂದು ವರ್ಷದಿಂದ ಅಂಗಡಿಗೆ ಬಂದವರಿಗೆಲ್ಲ "ಗಟ್ಟಿ ಮಾಲು, ಕಣ್ಮುಚ್ಚಿ ತಗೊಳ್ಳಿ" ಅಂತ ಹೇಳೀ ಹೇಳೀ ಅವನ ಹೆಸರೇ ಗಟ್ಟಿಮಾಲು ಎಂದಾಗಿತ್ತು. ಹೆಂಡತಿಯೊಬ್ಬಳು ಮಾತ್ರ "ರೀ" ಅನ್ನುತ್ತಿದ್ದಳು, ಕೋಪ ಬಂದರೆ ಎರಡು ಸಲ.

ಅಂಗಡಿ ಅಂದರೆ ಮನೆಯ ಮುಂದಿನ ಕೋಣೆಯೇ. ಕಿಟಕಿಯ ಪಕ್ಕ ಕಾಲಲ್ಲಿ ತುಳಿಯುವ ಮಷಿನ್ನು, ಬಲಕ್ಕೆ ಜಿಪ್ಪು, ಬಕಲ್ಲು ತುಂಬಿದ ಹಳೇ ಬಿಸ್ಕತ್ತಿನ ಡಬ್ಬಿಗಳು, ಎದುರು ಗೋಡೆಯಲ್ಲಿ ಅಂಗೈ ಉದ್ದದ ಒಂದು ಮೊಳೆ. ಬೆನ್ನಿಗೆ ಹಾಕುವ ಚೀಲ ಹೊಲಿದು ಮುಗಿದ ಕೂಡಲೇ ಹಳೇ ಬಟ್ಟೆ ತುರುಕಿ ಅದನ್ನು ಆ ಮೊಳೆಗೆ ತೂಗುಹಾಕುತ್ತಿದ್ದ. ಎರಡು ಹೆಜ್ಜೆ ಹಿಂದೆ ಸರಿದು, ಕತ್ತು ಓರೆ ಮಾಡಿ ನೋಡುತ್ತಿದ್ದ. ಪಟ್ಟಿ ನೇರ, ಹೊಟ್ಟೆ ದುಂಡಗೆ, ಜೇಬು ನಟ್ಟನಡುವೆ. ಮೊಳೆ ಒಂದು ದಿನವೂ ದೂರು ಹೇಳಿದ್ದಿಲ್ಲ. ಅದರ ಮೇಲಿದ್ದ ನಂಬಿಕೆ ಅವನಿಗೆ ಹೆಂಡತಿಯ ಮೇಲೂ ಇರಲಿಲ್ಲ.

ದೂರು ಬಂದದ್ದು ಪಿ.ಟಿ. ಮೇಡಂ ಕಡೆಯಿಂದ. ಮೇಲಿನ ಬೀದಿಯ ಶಾಲೆಯಲ್ಲಿ ಮಕ್ಕಳನ್ನು ಓಡಿಸುವ ಈಕೆ ರಜೆ ಬಂದರೆ ಸಾಕು, ಚೀಲ ಏರಿಸಿಕೊಂಡು ಒಬ್ಬಳೇ ಕಡಲ ದಂಡೆಯ ಹಳ್ಳಿಗಳಲ್ಲಿ, ಪಾಳುಬಿದ್ದ ಊರುಗಳಲ್ಲಿ ಅಲೆಯಲು ಹೊರಟುಬಿಡುತ್ತಿದ್ದಳು. ಗಟ್ಟಿಮಾಲು ಹೊಲಿದುಕೊಟ್ಟ ಹಸಿರು ಚೀಲವನ್ನು ಒಂದೇ ಸುತ್ತಿನ ನಂತರ ತಂದು ಮೇಜಿನ ಮೇಲಿಟ್ಟಳು.

"ಹೊಲಿಗೆ ಬಿಟ್ಕೊಂಡ್ತಾ ಮೇಡಂ?"

"ಇಲ್ಲ."

"ಜಿಪ್ಪು ಕಚ್ಕೊಂಡ್ತಾ?"

"ಇಲ್ಲ ಕಣ್ರೀ. ನೋಡೋಕೆ ತುಂಬಾ ಚೆನ್ನಾಗಿದೆ. ಆದ್ರೆ ಇದನ್ನ ಹೊಲಿದವರು ಹೊತ್ತು ನೋಡಿಲ್ಲ."

ಅಷ್ಟೇ ಹೇಳಿ ಹೋದಳು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಪಕ್ಕದ ಮನೆಯಲ್ಲೇ ಇದ್ದ ಅಕ್ಕ ಸುದ್ದಿ ಕೇಳಿ ಓಡಿಬಂದು, "ಹೊತ್ತು ನೋಡೋಕೆ ನನ್ನ ತಮ್ಮ ಏನು ಕತ್ತೆನಾ?" ಎಂದು ಅವನ ಪರ ವಹಿಸಿದಳು. ಹೆಂಡತಿ ಮಾತ್ರ ಪಾತ್ರೆ ಒರೆಸುತ್ತಾ, "ನಿಜಾನೇ ಅಲ್ವಾ? ನೀವು ನೀರಿನ ಬಿಂದಿಗೆ ಎತ್ತಿದ್ದನ್ನೂ ನಾನು ನೋಡಿಲ್ಲ" ಅಂದಳು.

ಮೂರು ದಿನ ಮುಖ ಊದಿಸಿಕೊಂಡಿದ್ದ. ಆ ಹೆಂಗಸು ಹೇಳಿದ್ದು ನಿಜವಾದರೆ, ಮೂವತ್ತೊಂದು ವರ್ಷ ತಾನು ಹೊಲಿದದ್ದೆಲ್ಲ ಗೋಡೆಗೆ ಒಪ್ಪುವ ಚೀಲ, ಮನುಷ್ಯರಿಗಲ್ಲ. ಈ ಯೋಚನೆ ಬಂದಾಗಲೆಲ್ಲ ಎದ್ದು ಹೋಗಿ ಮೊಳೆಯ ಮುಂದೆ ನಿಲ್ಲುತ್ತಿದ್ದ. ನಾಲ್ಕನೆಯ ದಿನ ಎದ್ದವನೇ ಘೋಷಿಸಿದ: ಅದೇ ಚೀಲ, ಅದೇ ದಾರಿ, ಐದು ದಿನ, ತಾನೊಬ್ಬನೇ. "ಆಕೆ ಬೆನ್ನೇ ಸರಿಯಿಲ್ಲ ಅಂತ ತೋರಿಸ್ತೀನಿ, ಇರು."

ಐವತ್ತೆಂಟರ ಈ ಮನುಷ್ಯ ಅಲ್ಲಿಯವರೆಗೆ ಒಂಟಿಯಾಗಿ ನಡೆದ ಅತಿ ದೂರದ ಜಾಗವೆಂದರೆ ಸಗಟು ಬಟ್ಟೆ ಮಾರುಕಟ್ಟೆ. ಹೆಂಡತಿ ಎರಡು ಹೊದಿಕೆ, ಐದು ದಿನದ ಬ್ರೆಡ್ಡು, ಫ್ಲಾಸ್ಕು, ಔಷಧಿಯ ಡಬ್ಬಿ ತುಂಬಿದಳು. ಅಕ್ಕ ಒಂದು ಕಬ್ಬಿಣದ ಬಾಣಲೆ ತಂದು ತುರುಕಿದಳು. ಯಾಕೆಂದರೆ, "ನಾಯಿ ಗೀಯಿ ಬಂದ್ರೆ ಬೇಕಾಗುತ್ತೆ ಕಣೋ." ಅವನು ತನ್ನ ಕತ್ತರಿ, ಸೂಜಿ, ದಾರ ಇಟ್ಟುಕೊಂಡ. ಅದಿಲ್ಲದೆ ಮನೆ ಬಿಟ್ಟು ಗೊತ್ತಿರಲಿಲ್ಲ.

ಬಸ್ಸು ಕಡಲ ಬದಿಯಲ್ಲಿ ಇಳಿಸಿತು. ಮೊದಲ ಮೈಲಿ ಎದೆ ಉಬ್ಬಿಸಿ ನಡೆದ. ಎಡಕ್ಕೆ ನೀಲಿ ನೀರು, ಬಲಕ್ಕೆ ಹುಲ್ಲುಗುಡ್ಡ, ನಡುವೆ ಕಾಲುದಾರಿ. ಎರಡನೆಯ ಮೈಲಿಗೆ ಪಟ್ಟಿಗಳು ಹೆಗಲನ್ನು ಕಚ್ಚತೊಡಗಿದವು. ಮೂರನೆಯ ಮೈಲಿಗೆ ಚೀಲ ಅವನನ್ನು ಹಿಂದಕ್ಕೆ ಎಳೆಯುತ್ತಿತ್ತು, ಅವನು ಚೀಲವನ್ನು ಮುಂದಕ್ಕೆ ಎಳೆಯುತ್ತಿದ್ದ. ಬಗ್ಗಿ ಬಗ್ಗಿ ನಡೆದು, ಜನ ದೂರದೂರದಿಂದ ನೋಡಲು ಬರುವ ಆ ಕಡಲ ದಂಡೆಯಲ್ಲಿ ಎರಡು ದಿನ ಅವನು ನೋಡಿದ್ದು ತನ್ನ ಚಪ್ಪಲಿಯನ್ನು ಮಾತ್ರ.

ನೀರಿನ ಬಾಟಲಿಯದು ಇನ್ನೊಂದು ಫಜೀತಿ. ಅದರ ಜೇಬನ್ನು ಚೀಲದ ಹಿಂಬದಿಯ ನಟ್ಟನಡುವೆ ಹೊಲಿದಿದ್ದ, ಮೊಳೆಯ ಮೇಲೆ ಅಂದವಾಗಿ ಕಾಣಲಿ ಎಂದು. ಎಡಗೈ ಹಾಕಿದ, ಎಟಕಲಿಲ್ಲ. ಬಲಗೈ ಹಾಕಿದ, ಎಟಕಲಿಲ್ಲ. ಬಾಲ ಹಿಡಿಯಲು ಹೊರಟ ನಾಯಿಯ ಹಾಗೆ ನಿಂತಲ್ಲೇ ಗಿರಗಿರ ಸುತ್ತಿದ. ಬಲೆ ಒಣಗಿಸುತ್ತಿದ್ದ ಮುದುಕಿಯೊಬ್ಬಳು ಸಾಕಷ್ಟು ಹೊತ್ತು ನೋಡಿ, ಎದ್ದು ಬಂದು ಬಾಟಲಿ ತೆಗೆದುಕೊಟ್ಟಳು.

"ಇಲ್ಲಿ ಜೇಬಿಟ್ಟವನು ಯಾರಪ್ಪಾ? ಅವನಿಗೇನು ಬೆನ್ನಲ್ಲಿ ಕೈ ಇದ್ಯಾ?"

"ಯಾರೋ ಒಬ್ಬ ದರ್ಜಿ, ಅಜ್ಜಿ," ಎಂದು ಗಟ್ಟಿಮಾಲು ನೀರು ಗುಟುಕರಿಸಿದ.

ಕೆಳಗಿಳಿಸಿದರಂತೂ ಮತ್ತೆ ಎತ್ತಿ ಬೆನ್ನಿಗೇರಿಸಲು ಇನ್ನೊಬ್ಬರು ಬೇಕು. ಹೀಗಾಗಿ ಹಗಲೆಲ್ಲ ಇಳಿಸುವುದನ್ನೇ ಬಿಟ್ಟ. ಬೆಳಿಗ್ಗೆಯೇ ಅಂಗಿಯ ಜೇಬಿಗೆ ಹಾಕಿಕೊಂಡ ಬ್ರೆಡ್ಡನ್ನು ನಿಂತೇ ತಿಂದ. ಇಷ್ಟಾದರೂ ಸೋಲೊಪ್ಪಲಿಲ್ಲ. ತಪ್ಪು ಬಾಣಲೆಯದು, ಬಿಸಿಲಿನದು, ಅಕ್ಕನದು.

ಮೂರನೆಯ ದಿನ ಮಧ್ಯಾಹ್ನ, ಗುಡ್ಡದ ನೆತ್ತಿಯ ಪಾಳು ಊರನ್ನು ಹತ್ತಿದ. ಸಾವಿರಾರು ವರ್ಷದ ಊರಂತೆ. ಚಾವಣಿಯಿಲ್ಲದ ಕಂಬಗಳು, ಎಲ್ಲಿಗೂ ಹೋಗದ ಮೆಟ್ಟಿಲುಗಳು. ಬಂದವರೆಲ್ಲ ಕಂಬದ ಮೇಲಿನ ಬಳ್ಳಿ, ಹಕ್ಕಿಗಳ ಫೋಟೋ ತೆಗೆಯುತ್ತಿದ್ದರು. ಏದುಸಿರು ಬಿಡುತ್ತಿದ್ದ ಇವನಿಗೆ ಬೇಕಾದದ್ದು ಒರಗಿಕೊಳ್ಳಲು ಒಂದು ಜಾಗ. ಆ ಊರಿನ ಹೆಬ್ಬಾಗಿಲ ಹೊರಗೆ, ಎರಡು ನಿಲುಗಲ್ಲಿನ ಮೇಲೆ ಅಡ್ಡಕ್ಕೆ ಒಂದು ಚಪ್ಪಡಿ ಇತ್ತು. ಕೂರಲು ಎತ್ತರ, ಮಲಗಲು ಕಿರಿದು. ಒಂದು ಚಿತ್ತಾರವೂ ಇಲ್ಲದ ಬೋಳು ಕಲ್ಲು. ಪಕ್ಕದ ಫಲಕದಲ್ಲಿ "ಉದ್ದೇಶ ತಿಳಿದಿಲ್ಲ" ಎಂದು ಬರೆದಿತ್ತು.

ಗಟ್ಟಿಮಾಲು ಬೆನ್ನು ತಿರುಗಿಸಿ ಹಿಂದಕ್ಕೆ ಸರಿದ. ಚೀಲದ ತಳ ಚಪ್ಪಡಿಯ ಮೇಲೆ ಕೂತಿತು. ಪಟ್ಟಿ ಸಡಿಲವಾಯಿತು. ಕೈಗಳನ್ನು ಹೊರಗೆಳೆದುಕೊಂಡ. ಚೀಲ ಅಲ್ಲೇ ನಿಂತಿತು! ಮತ್ತೆ ಕೈ ತೂರಿಸಿ ಒಂದು ಹೆಜ್ಜೆ ಮುಂದಿಟ್ಟರೆ, ಎತ್ತುವ ತಾಪತ್ರಯವೇ ಇಲ್ಲದೆ ಬೆನ್ನಿಗೆ ಬಂತು. ಇಳಿಸಿದ, ಹೊತ್ತ, ಇಳಿಸಿದ, ಹೊತ್ತ.

ಕಾವಲುಗಾರ ಓಡಿಬಂದ. "ಏನ್ರೀ ಮಾಡ್ತಿದೀರಾ? ದೊಡ್ಡ ದೊಡ್ಡ ವಿದ್ವಾಂಸರು ಬಂದು ನೋಡಿದ ಕಲ್ಲು ಅದು. ಏನಂತ ಅವರಿಗೇ ಗೊತ್ತಾಗ್ಲಿಲ್ಲ."

"ಅವರು ಏನು ಹೊತ್ಕೊಂಡು ಬಂದಿದ್ರು?"

"ಏನೂ ಇಲ್ಲ. ಕಾರಲ್ಲಿ ಬಂದ್ರು."

"ಅದಕ್ಕೇ ಮತ್ತೆ! ಇದನ್ನ ಕಟ್ಟಿದವನು ಹೊತ್ತು ನೋಡಿದಾನೆ ಕಣ್ರೀ."

ಬಾಯಿಂದ ಬಿದ್ದ ಮೇಲೆ ಮಾತು ಕಿವಿಗೆ ಕೇಳಿಸಿತು. ನಾಲಿಗೆ ಕಚ್ಚಿಕೊಂಡ. ಎಂದೋ ಮಣ್ಣಾಗಿ ಹೋದ ಯಾವನೋ ಕಲ್ಲುಕುಟಿಗ, ಗುಡ್ಡ ಹತ್ತಿ ಬರುವವನ ಬೆನ್ನನ್ನು ನೆನೆಸಿಕೊಂಡು ಇದನ್ನು ನಿಲ್ಲಿಸಿದ್ದ. ತಾನು ಒಂದು ಬೆನ್ನನ್ನಾದರೂ ನೆನೆದಿದ್ದನೇ? ನಾಚಿಕೆಯಿಂದ ಕಣ್ಣು ತುಂಬಿ ಬಂತು. ಕಾವಲುಗಾರನಿಗೆ ಕಾಣದಿರಲೆಂದು ಮುಖ ತಿರುಗಿಸಿದರೆ ಎದುರಿಗೆ, ಮೂರು ದಿನದಲ್ಲಿ ಮೊದಲ ಸಲ, ಇಡೀ ಕಡಲು ಕಂಡಿತು.

ಅಲ್ಲೇ ಕೂತು ಕತ್ತರಿ ತೆಗೆದ. ಜೇಬನ್ನು ಬಿಚ್ಚಿ ಪಕ್ಕಕ್ಕೆ ಹೊಲಿದ. ಹೆಂಡತಿಯ ಒಂದು ಹೊದಿಕೆ ಹರಿದು ಪಟ್ಟಿಗಳಿಗೆ ಮೆತ್ತೆಯಾಯಿತು, ಇನ್ನೊಂದು ಭಾರವನ್ನು ಸೊಂಟಕ್ಕೆ ಇಳಿಸುವ ನಡುಪಟ್ಟಿಯಾಯಿತು. ಬಾಣಲೆ ಕಾವಲುಗಾರನ ಪಾಲಾಯಿತು. ಉಳಿದೆರಡು ದಿನ ತಲೆ ಎತ್ತಿ ನಡೆದ.

ಮನೆಗೆ ಬಂದವನೇ ಗೋಡೆಯ ಮೊಳೆ ಕಿತ್ತ. "ರೀ, ರೀ! ನನ್ನ ಹೊದಿಕೆ ಎಲ್ರೀ?" ಎಂದು ಹೆಂಡತಿ, "ಬಾಣಲೆ ಎಲ್ಲೋ?" ಎಂದು ಅಕ್ಕ ಬೆನ್ನು ಹತ್ತಿದರು. ಅಂದಿನಿಂದ ಪ್ರತಿ ಹೊಸ ಚೀಲಕ್ಕೂ ಹಳೇ ಇಸ್ತ್ರಿಪೆಟ್ಟಿಗೆ ಮೂರು ತುಂಬಿ, ತಾನೇ ಹೊತ್ತು ಬೀದಿಯ ಈ ತುದಿಯಿಂದ ಆ ತುದಿಗೆ ನಡೆಯತೊಡಗಿದ. ಬೀದಿ ಬಿದ್ದು ಬಿದ್ದು ನಕ್ಕಿತು. ಹೇಗೂ ಹೋಗ್ತೀರಲ್ಲ ಅಂತ ಹೆಂಡತಿ ತರಕಾರಿಯನ್ನೂ ತರಿಸಿದಳು.

ತಿಂಗಳ ನಂತರ ಪಿ.ಟಿ. ಮೇಡಮ್ಮನ್ನು ಕರೆಸಿ, ಇಸ್ತ್ರಿಪೆಟ್ಟಿಗೆ ಸಮೇತ ಹಸಿರು ಚೀಲವನ್ನು ಕೊಟ್ಟ. "ಬೀದಿ ಕೊನೆವರೆಗೆ ಹೋಗಿ ಬನ್ನಿ ಮೇಡಂ. ಆಮೇಲೆ ಹೇಳಿ."

ಹೋದಳು. ತಿರುವಿನಲ್ಲಿ ಮರೆಯಾದಳು. ಹತ್ತು ನಿಮಿಷವಾಯಿತು, ಅರ್ಧ ಗಂಟೆಯಾಯಿತು. ಗಟ್ಟಿಮಾಲು ಬಾಗಿಲಲ್ಲಿ ನಿಂತು ಉಗುರು ಕಚ್ಚಿದ. ಪಟ್ಟಿ ಹರಿಯಿತೇ? ಬಿದ್ದಳೇ? ಒಂದು ಗಂಟೆಯ ಮೇಲೆ ಮೇಡಂ ಕೈಯಲ್ಲಿ ಒಂದು ಬ್ರೆಡ್ಡು ಹಿಡಿದು ಅಂಗಡಿಯ ಮುಂದೆಯೇ ಹಾದು ತನ್ನ ಪಾಡಿಗೆ ಮನೆ ಕಡೆ ನಡೆದಳು.

"ಮೇಡಂ, ಚೀಲ!" ಎಂದು ಕೂಗಿದ.

ಆಕೆ ಬೆಚ್ಚಿ ಬೆನ್ನು ಮುಟ್ಟಿ ನೋಡಿಕೊಂಡಳು. "ಅಯ್ಯೋ! ಇದು ಬೆನ್ನ ಮೇಲಿರೋದೇ ಮರೆತುಹೋಯ್ತು ನೋಡಿ."

ಒಳಗಿಂದ ಹೆಂಡತಿ ಕೇಳಿದಳು, "ಏನಂದ್ರು ರೀ? ಚೆನ್ನಾಗಿದೆ ಅಂದ್ರಾ?"

ಮಷಿನ್ನಿನ ಮುಂದೆ ಕೂತ ಗಟ್ಟಿಮಾಲು ಕಣ್ಣೊರೆಸಿಕೊಂಡು, "ಇಲ್ಲ ಕಣೇ, ಅದಕ್ಕಿಂತ ಚೆನ್ನಾಗಿರೋದು ಹೇಳಿದ್ರು" ಅಂದ.