ಒಂದು ಹನಿ ಎಣ್ಣೆ

ಆ ಬೀದಿಯವರಿಗೆ ಬೆಳಗಾಗುತ್ತಿದ್ದುದೇ ಶಿಳ್ಳೆಯಿಂದ. ಬೀಗ ರಿಪೇರಿಯವನ ಕಿರಿಮಗಳು ಅಂಗಡಿ ಬಾಗಿಲು ತೆಗೆದು, ಮೇಜಿನ ಹಿಂದೆ ಕೂತು, ಅರ ಕೈಗೆತ್ತಿಕೊಂಡಳು ಅಂದರೆ ಶಿಳ್ಳೆ ಶುರು. ಹೆಣ್ಣುಮಗಳು ಶಿಳ್ಳೆ ಹೊಡೆಯುವುದೇ ಅಂತ ಎದುರಂಗಡಿ ದರ್ಜಿ ಮೊದಮೊದಲು ಮುಖ ಸಿಂಡರಿಸುತ್ತಿದ್ದ. ಆಮೇಲಾಮೇಲೆ ಒಂದು ದಿನ ಶಿಳ್ಳೆ ಕೇಳದಿದ್ದರೆ, "ಏನ್ರೀ, ಮಗೂಗೆ ಹುಷಾರಿಲ್ವಾ?" ಅಂತ ಅವನೇ ಬಂದು ವಿಚಾರಿಸುತ್ತಿದ್ದ. ಅಪ್ಪ ಅವಳನ್ನು ಕರೆಯುತ್ತಿದ್ದುದು ಚಿಲಕಿ ಅಂತ. ಚಿಕ್ಕಂದಿನಲ್ಲಿ ಸದಾ ಬಾಗಿಲಿಗೆ ಅಂಟಿಕೊಂಡೇ ನಿಂತಿರುತ್ತಿದ್ದಳಂತೆ, ಅದಕ್ಕೆ. ಇಪ್ಪತ್ಮೂರು ತುಂಬಿದರೂ ಆ ಹೆಸರು ಬಿಟ್ಟುಹೋಗಲಿಲ್ಲ.

ಚಿಲಕಿಗೆ ಹುಚ್ಚು ಒಂದಲ್ಲ, ಮೂರು. ಶಿಳ್ಳೆ ಒಂದಾಯಿತಲ್ಲ. ಎರಡನೆಯದು ಒಂಟಿ ಬೀಗದ ಕೈಗಳು. ಬೀಗ ಕಳೆದುಕೊಂಡವರು, ಮನೆ ಬಿಟ್ಟುಹೋದವರು, ಪೆಟ್ಟಿಗೆಯನ್ನೇ ಗುಜರಿಗೆ ಹಾಕಿದವರು ಅಂಗಡಿಯಲ್ಲಿ ಬಿಟ್ಟುಹೋದ ಕೈಗಳನ್ನೆಲ್ಲ ತಂತಿಗೆ ಪೋಣಿಸಿ ಗೋಡೆಗೆ ನೇತುಹಾಕಿದ್ದಳು. "ಇದು ಯಾವ್ದೋ ಅಜ್ಜಿ ಕಪಾಟಿಂದು. ಹಲ್ಲು ನೋಡು, ಎಷ್ಟು ಸವೆದಿದೆ. ದಿನಕ್ಕೆ ಹತ್ತು ಸಲ ತೆಗೆದು ನೋಡ್ತಿದ್ಳೇನೋ, ಪಾಪ" ಅನ್ನುವಳು. ಅಕ್ಕ ನಗುವಳು. "ನಿಂಗೆ ಬೀಗ ಇದ್ರೆ ಸಾಕು ಕಣೇ, ಬೀಗರು ಬೇಡ!"

ಮೂರನೆಯದೇ ದೊಡ್ಡ ಹುಚ್ಚು. ತನ್ನದೇ ಒಂದು ಬೀಗ ಮಾಡಬೇಕು, ಅಂಥದ್ದು ಲೋಕದಲ್ಲಿ ಇನ್ನೊಂದಿರಬಾರದು. ಯಾಕಿಷ್ಟು ಬೀಗದ ಮೋಹ ಅಂತ ದರ್ಜಿ ಒಮ್ಮೆ ಕೇಳಿದ್ದಕ್ಕೆ ಅವಳು ಕೊಟ್ಟ ಉತ್ತರ ಇಡೀ ಬೀದಿಗೆ ಬಾಯಿಪಾಠ: "ಬೀಗಕ್ಕೆ ಮುಖದಾಕ್ಷಿಣ್ಯ ಇಲ್ಲ ಮಾಮ. ಕೈ ಸರಿಯಿದ್ರೆ ತೆಗೆಯತ್ತೆ, ಇಲ್ದಿದ್ರೆ ಇಲ್ಲ. ನೀನು ಯಾರ ಮಗ, ಯಾರ ಗಂಡ ಅಂತ ಕೇಳಲ್ಲ." ತಾಯಿಯಿಲ್ಲದ ಮನೆಯಲ್ಲಿ, ಅವರಿವರ ಮರುಕದ ಮಾತು ಕೇಳಿಕೊಂಡು ಬೆಳೆದವಳಿಗೆ ಆ ಕಡ್ಡಿಮುರಿದಂಥ ನ್ಯಾಯ ಬಲು ಹಿತವಾಗಿತ್ತು.

ವಿದ್ಯೆ ಕಲಿಸಿದವನು ಅಪ್ಪನೇ. ಏಳು ವರ್ಷದವಳಿದ್ದಾಗಿನಿಂದ ಎದುರಿಗೆ ಕೂರಿಸಿಕೊಂಡು, ಅವಳ ಬೆರಳ ಮೇಲೆ ತನ್ನ ಬೆರಳಿಟ್ಟು ಕಲಿಸಿದ್ದ. ಅವನದು ಎರಡೇ ನಿಯಮ. ಯಾವ ಬೀಗಕ್ಕೆ ಕೈ ಹಾಕುವ ಮೊದಲೂ ಕಿಂಡಿಗೆ ಒಂದು ಹನಿ ಎಣ್ಣೆ ಬಿಡಬೇಕು. "ಬೀಗಾನ ಬಲವಂತ ಮಾಡ್ಬಾರ್ದು ಮಗ. ಕೇಳ್ಕೋಬೇಕು." ಇನ್ನೊಂದು, ಗಿರಾಕಿಯ ಮುಂದೆ ಬೀಗ ತೆಗೆಯುವಾಗ ಬೆನ್ನು ತಿರುಗಿಸಿ ನಿಲ್ಲಬೇಕು. ಕೈ ಹೇಗೆ ಆಡಿತು ಅನ್ನುವುದು ಹೊರಗಿನವರಿಗೆ ಕಾಣಬಾರದು. "ಬೀಗ ತೆಗೆದುಕೊಡೋದು ನಮ್ಮ ಕೆಲಸ, ವಿದ್ಯೆ ಕೊಡೋದಲ್ಲ. ಮನೆಯವರ ಹತ್ರ ಮಾತ್ರ ಎದುರುಬದುರು." ಆ ಎದುರುಬದುರಿನ ಹದಿನಾರು ವರ್ಷದಲ್ಲಿ ಅಪ್ಪ ಅವಳಿಗೆ ಬೆನ್ನು ತೋರಿಸಿದ್ದಿಲ್ಲ.

ಊರಾಚೆಯ ಬೀಗದ ಕಾರ್ಖಾನೆಯವರಿಗೆ ಹೊಸ ಮಾದರಿ ಬೀಗ ಮಾಡುವ ಕೋಣೆಗೆ ಒಬ್ಬರು ಬೇಕಾಗಿದ್ದರು. ಓದು ಗೀದು ಕೇಳಲಿಲ್ಲ. ತಾವೇ ಮಾಡಿದ ಒಂದು ಬೀಗ ತಂದು ಸೋಮವಾರದೊಳಗೆ ಯಜಮಾನರ ಮುಂದೆ ಇಡಬೇಕು, ಅಷ್ಟೇ. ಚಿಲಕಿ ಎಂಟು ತಿಂಗಳಿಂದ ಉಜ್ಜುತ್ತಿದ್ದ ಬೀಗ ಆಗ ಮುಗಿಯುವ ಹಂತದಲ್ಲಿತ್ತು. ಅಂಗೈಯಗಲದ ಹಿತ್ತಾಳೆ ಬೀಗ. ಕೀಲಿಯನ್ನು ಮೊದಲು ಅರ್ಧ ಸುತ್ತು ಹಿಂದಕ್ಕೆ ತಿರುಗಿಸಿ ಆಮೇಲೆ ಮುಂದಕ್ಕೆ ತಿರುಗಿಸಬೇಕು. ಗೊತ್ತಿಲ್ಲದವರು ಸೀದಾ ತಿರುಗಿಸಿದರೆ ಒಳಗೊಂದು ಹಲ್ಲು ಬಿದ್ದು ಕಚ್ಚಿಕೊಳ್ಳುತ್ತದೆ; ಆಮೇಲೆ ತನ್ನದೇ ಕೀಲಿಗೂ ಬಗ್ಗುವುದಿಲ್ಲ. ಕಚ್ಚಿದ್ದನ್ನು ಬಿಡಿಸುವ ಉಪಾಯ ಅವಳಿಗೊಬ್ಬಳಿಗೇ ಗೊತ್ತು.

"ಇದ್ರಲ್ಲೊಂದು ಗುಟ್ಟಿದೆ ಅಪ್ಪಾ. ಕೆಲಸ ಸಿಕ್ಕಿದ ದಿನ ನಿಂಗೇ ಮೊದ್ಲು ಹೇಳ್ತೀನಿ."

"ಅಪ್ಪಂಗೂ ಗುಟ್ಟಾ? ಭಲೆ ಕಣೇ!" ಅಂತ ಅಪ್ಪ ನಕ್ಕಿದ್ದ. ಬೀಗವನ್ನು ತಿರುಗಿಸಿ ಮುರುಗಿಸಿ ನೋಡಿ, "ನನ್ನ ಕೈಲಿ ಇಂಥದ್ದು ಆಗಲಿಲ್ಲ" ಅಂದಿದ್ದ. ಆ ಮಾತು ಕೇಳಿ ಅವಳಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಈಗ ಭಾವನ ವಿಷಯ ಹೇಳಬೇಕು. ಅಕ್ಕನ ಗಂಡ. ಮಾತಿನಲ್ಲೇ ಮನೆ ಕಟ್ಟಿ, ಮಾತಿನಲ್ಲೇ ಗೃಹಪ್ರವೇಶ ಮಾಡುವ ಪುಣ್ಯಾತ್ಮ. ಇದ್ದ ಕೆಲಸ ಕಳೆದುಕೊಂಡು ನಾಲ್ಕು ತಿಂಗಳಿಂದ ಹೆಂಡತಿ ಸಮೇತ ಮಾವನ ಮನೆಯಲ್ಲಿ ಠಿಕಾಣಿ. ಸುತ್ತಿಗೆ ಯಾವುದು ಇಕ್ಕಳ ಯಾವುದು ಅನ್ನುವುದೂ ಗೊತ್ತಿಲ್ಲ. ಅಕ್ಕ ಮಾತ್ರ ದಿನದಿನಕ್ಕೆ ಇಳಿದುಹೋಗಿದ್ದಳು. ಅಪ್ಪ ಅವಳ ಮುಖ ನೋಡುವನು, ಅನ್ನ ಅರ್ಧಕ್ಕೇ ಬಿಟ್ಟು ಏಳುವನು.

ಸೋಮವಾರ ಬೆಳಗ್ಗೆ ಅಕ್ಕ ಬಾಚಣಿಗೆ ಹಿಡಿದು ಬಂದಳು. "ಬಾರೇ, ಒಳ್ಳೇ ಕೆಲಸಕ್ಕೆ ಹೋಗ್ತಿದೀಯ, ನಾನೇ ಜಡೆ ಹಾಕ್ತೀನಿ." ಅಮ್ಮ ಹೋದ ಮೇಲೆ ಜಡೆ ಹಾಕುತ್ತಿದ್ದವಳು ಅಕ್ಕನೇ. ಮದುವೆಯಾದ ಮೇಲೆ ಅದು ನಿಂತುಹೋಗಿತ್ತು. ಚಿಲಕಿ ಹೋಗಿ ಹಿತ್ತಿಲ ಮೆಟ್ಟಿಲ ಮೇಲೆ ಕೂತಳು. ಅಕ್ಕ ಸಿಕ್ಕು ಬಿಡಿಸಿದಳು, ಹೆಣೆದಳು, ಸರಿಬರಲಿಲ್ಲ ಅಂತ ಬಿಚ್ಚಿ ಮತ್ತೆ ಹೆಣೆದಳು. "ಎಷ್ಟೊತ್ತೇ ಮಾರಾಯ್ತಿ?" ಅಂದರೆ, "ಸುಮ್ನೆ ಕೂತ್ಕೋ, ಅಲ್ಲಾಡ್ಬೇಡ."

ಜಡೆ ಮುಗಿಸಿಕೊಂಡು ಒಳಗೆ ಬಂದು, ತಾನು ಮಾಡಿದ ಬೀಗ ಇಟ್ಟಿದ್ದ, ಮಂಚದ ಕೆಳಗಿನ ತಗಡಿನ ಪೆಟ್ಟಿಗೆ ಎಳೆದಾಗಲೇ ಅದು ಹಗುರಾಗಿ ಬಂತು. ಪೆಟ್ಟಿಗೆಯ ಬೀಗ ಒಡೆದಿರಲಿಲ್ಲ, ಹಾಕಿದ ಹಾಗೇ ಇತ್ತು. ಅದರ ಕೈ ಅವಳ ಕೊರಳಿನ ದಾರದಲ್ಲೇ ಇತ್ತು. ತೆಗೆದು ನೋಡಿದರೆ, ಬಟ್ಟೆ ಮಡಿಕೆಯ ನಡುವೆ ಹಿತ್ತಾಳೆ ಬೀಗ ಇಟ್ಟಿದ್ದ ಜಾಗ ಖಾಲಿ. ಕೀಲಿಯೂ ಇಲ್ಲ.

ಕಳ್ಳತನ ಅಂತ ಕೂಗಬೇಕು ಅಂದುಕೊಂಡಳು. ಅಷ್ಟರಲ್ಲಿ ಬೆರಳಿಗೆ ಏನೋ ಜಿಡ್ಡು ಅಂಟಿದ್ದು ಗೊತ್ತಾಯಿತು. ಪೆಟ್ಟಿಗೆಯ ಬೀಗದ ಕಿಂಡಿಯಿಂದ ಒಂದು ಹನಿ ಎಣ್ಣೆ ಇಳಿದು ತಗಡಿನ ಮೇಲೆ ಗೆರೆ ಬಿದ್ದಿತ್ತು.

ಯಾವ ಕಳ್ಳ ಎಣ್ಣೆ ಬಿಟ್ಟು ಬೀಗ ತೆಗೆಯುತ್ತಾನೆ ಹೇಳಿ? ಹಾಗೆ ತೆಗೆಯುವ ಕೈ ಲೋಕದಲ್ಲಿ ಎರಡೇ. ಒಂದು ತನ್ನದು.

ಅವಳು ಅಂಗಡಿಗೆ ಓಡಿದಳು. ಅಪ್ಪ ತಲೆ ತಗ್ಗಿಸಿ ಏನನ್ನೋ ಉಜ್ಜುತ್ತಿದ್ದ.

"ಅಪ್ಪಾ, ನನ್ನ ಪೆಟ್ಟಿಗೆ ತೆಗೆದ್ಯಾ?"

"ಯಾವ ಪೆಟ್ಟಿಗೆ? ನಾನ್ಯಾಕೆ ತೆಗೀಲಿ? ಸರಿಯಾಗಿ ಹುಡುಕು, ಎಲ್ಲೋ ಇಟ್ಟಿರ್ತೀಯ."

"ಎಣ್ಣೆ ಬಿಟ್ಟಿದೀಯಲ್ಲಪ್ಪಾ."

ಅರ ನಿಂತಿತು. ಅಪ್ಪ ಬೆರಳುಗಳನ್ನು ಬಟ್ಟೆಗೆ ಒರೆಸಿಕೊಂಡ. ಆಮೇಲೆ ಮೆಲ್ಲಗೆ ಹೇಳಿದ. ಬೆಳಗ್ಗೆಯೇ ಬೀಗವನ್ನು ಭಾವನ ಕೈಗೆ ಕೊಟ್ಟು ಕಾರ್ಖಾನೆಗೆ ಕಳಿಸಿದ್ದಾನೆ. ತಾನೇ ಮಾಡಿದ್ದು ಅಂತ ಅವನು ಯಜಮಾನರಿಗೆ ತೋರಿಸುತ್ತಾನೆ.

"ಅವನಿಗಾ? ಅರ ಹಿಡಿಯಕ್ಕೂ ಬರಲ್ಲ ಅವನಿಗೆ!"

"ಒಳಗೆ ಸೇರ್ಕೊಂಡ್ಮೇಲೆ ಕಲ್ಕೋತಾನೆ ಬಿಡು. ನಿನ್ನಕ್ಕನ ಮುಖ ನೋಡಕ್ಕಾಗಲ್ಲ ಮಗ ನನ್ಕೈಲಿ. ಕಾಲು ಹಿಡ್ಕೊಂಡು ಅತ್ಲು. ನಿಂಗೇನಮ್ಮಾ, ಇಂಥದ್ದು ಇನ್ನೊಂದು ಮಾಡ್ತೀಯ. ನಿನ್ನ ಕೈ ಅಂಥಾದ್ದು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳೇನೋ. ಹೊಗಳಿ ಕೊರಳು ಕೊಯ್ದನಲ್ಲ! ಬೇಲಿಯೇ ಎದ್ದು ಹೊಲ ಮೇದರೆ ಯಾರ ಹತ್ತಿರ ಹೇಳಿಕೊಳ್ಳುವುದು? ಅಕ್ಕ ಜಡೆಯನ್ನು ಅಷ್ಟು ಹೊತ್ತು ಯಾಕೆ ಹಾಕಿದಳು ಅನ್ನುವುದು ಆಗ ಹೊಳೆಯಿತು. ಚಿಲಕಿ ಮೇಜಿನ ಹಿಂದೆ ತನ್ನ ಜಾಗದಲ್ಲಿ ಕೂತು ಅತ್ತಳು. ಅಪ್ಪ ನೀರು ತಂದಿಟ್ಟ. ಅವಳು ಮುಟ್ಟಲಿಲ್ಲ. ದರ್ಜಿ ಇಣುಕಿ ನೋಡಿ ವಾಪಸ್ಸು ಹೋದ.

ಮಧ್ಯಾಹ್ನದ ಹೊತ್ತಿಗೆ ಭಾವ ಬಂದ, ಇಸ್ತ್ರಿ ಅಂಗಿ ಬೆವರಿನಲ್ಲಿ ತೊಯ್ದು. ಹಿಂದೆಯೇ ಅಕ್ಕ.

"ಮಾವ, ಕೆಟ್ಟೋಯ್ತು! ಯಜಮಾನ್ರು ನೋಡಿ ಭೇಷ್ ಅಂದ್ರು. ತೆಗೆದು ತೋರ್ಸಪ್ಪಾ ಅಂದ್ರು. ಕೀಲಿ ತಿರುಗಿಸ್ದೆ, ಕಟಕ್ ಅಂತು, ಅಷ್ಟೇ! ನಾನು ಬೆವರಿದ್ದು ನೋಡಿ ಅವ್ರಿಗೆ ಅನುಮಾನ ಬಂದಿದೆ. ಸಂಜೆ ಐದರೊಳಗೆ ತಂದು, ತೆಗೆದು, ಮತ್ತೆ ಹಾಕಿ ತೋರ್ಸು, ನೀನೇ ಮಾಡಿದ್ದು ಅಂತ ನಂಬ್ತೀನಿ ಅಂದ್ರು."

ಅಪ್ಪ ಬೀಗ ಇಸಿದುಕೊಂಡ. ಎಣ್ಣೆ ಬಿಟ್ಟ. ನಲವತ್ತು ವರ್ಷದ ವಿದ್ಯೆಯನ್ನೆಲ್ಲ ಅದರ ಮೇಲೆ ಸುರಿದ. ಸಣ್ಣ ತಂತಿ, ದೊಡ್ಡ ತಂತಿ, ಕೊನೆಗೆ ಕಿವಿಯನ್ನೇ ಹಿತ್ತಾಳೆಗೆ ಒತ್ತಿಕೊಂಡು ಕೂತ. ಬೀಗ ಜಪ್ಪಯ್ಯ ಅಂದರೂ ಬಗ್ಗಲಿಲ್ಲ. ಕಡೆಗೆ ಎದ್ದು ಬಂದು ಮಗಳ ಮೇಜಿನ ಮುಂದೆ, ಗಿರಾಕಿಗಳು ನಿಲ್ಲುವ ಕಡೆ ನಿಂತ. ಬೀಗವನ್ನು ಅವಳ ಮುಂದಿಟ್ಟ.

"ಚಿಲಕಿ, ತಪ್ಪಾಯ್ತು ಮಗ. ಇದೊಂದು ಸಲ. ತೆಗೆದು, ಹೇಗೇಂತ ಇವನಿಗೆ ತೋರ್ಸಿಬಿಡು. ಅಕ್ಕನ ಮುಖ ನೋಡು."

ಅವಳು ನೋಡಿದಳು. ಅಕ್ಕ ತಲೆ ತಗ್ಗಿಸಿದಳು. ಕಣ್ಣ ಕೆಳಗೆ ಕಪ್ಪು, ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡು ಸುತ್ತಿಕೊಂಡು ಹಿಂಡಿಹೋಗಿತ್ತು. ಕನಿಕರ ಬಂತು, ಇಲ್ಲವೆಂದರೆ ಸುಳ್ಳು. ಆದರೆ ಕನಿಕರ ಬಂದರೆ ಮುರಿದ ನಂಬಿಕೆ ಕೂಡುತ್ತದೆಯೇ? ತನ್ನ ಎಂಟು ತಿಂಗಳು ಅಲ್ಲಿ ಮೇಜಿನ ಮೇಲೆ ಹಲ್ಲು ಕಚ್ಚಿಕೊಂಡು ಕೂತಿತ್ತು. ಅದಕ್ಕಾದರೂ ತನ್ನ ಮೇಲೆ ನಿಷ್ಠೆ ಇದೆ ಅಂದುಕೊಂಡಳು.

ಬೀಗ ಎತ್ತಿಕೊಂಡು ಎದ್ದಳು. ಅಪ್ಪ ಕನ್ನಡಕ ಸರಿಮಾಡಿಕೊಂಡು, ಮೇಜಿನ ಮೇಲೆ ಬಾಗಿ, ಅವಳ ಕೈಯನ್ನೇ ನೋಡುತ್ತ ಕಾದ. ಇಷ್ಟು ವರ್ಷ ಅವನು ಕಲಿಸಿದ್ದೂ ಅವಳು ಕಲಿತದ್ದೂ ಹಾಗೆಯೇ ಅಲ್ಲವೇ.

ಚಿಲಕಿ ಬೆನ್ನು ತಿರುಗಿಸಿ ನಿಂತಳು.

ಅಪ್ಪನ ಬಾಯಿಂದ ಉಸಿರಿನಂಥದ್ದೇನೋ ಹೊರಬಿತ್ತು. ಭಾವನಿಗೆ ಅರ್ಥವಾಗಲಿಲ್ಲ, "ಏನು, ಈ ಕಡೆ ತಿರುಗಲ್ವಾ?" ಅಂದ. ಮೂವರಿಗೂ ಕಾಣುತ್ತಿದ್ದುದು ಅವಳ ಬೆನ್ನು, ಅದರ ಮೇಲೆ ಅಕ್ಕ ಬೆಳಗ್ಗೆ ಬಿಗಿಯಾಗಿ ಹೆಣೆದ ಜಡೆ. ಗೋಡೆಯ ಒಂಟಿ ಕೈಗಳ ಕಡೆ ಮುಖ ಮಾಡಿ ಅವಳು ಎರಡು ಕ್ಷಣ ನಿಂತಿದ್ದಳು. ಕಟಕ್ ಅಂದಿತು.

ಅವಳು ತಿರುಗಿ, ತೆರೆದ ಬೀಗವನ್ನೂ ಕೀಲಿಯನ್ನೂ ಮೇಜಿನ ಮೇಲಿಟ್ಟು, ದಿನಕ್ಕೆ ಇಪ್ಪತ್ತು ಗಿರಾಕಿಗಳಿಗೆ ಹೇಳುವ ಅದೇ ಮಾತನ್ನು, ಅದೇ ದನಿಯಲ್ಲಿ ಅಪ್ಪನಿಗೆ ಹೇಳಿದಳು.

"ಆಯ್ತು, ತಗೊಳ್ಳಿ. ಮತ್ತೆ ಕಚ್ಕೊಂಡ್ರೆ ತನ್ನಿ."