ಜಾಗ ಹೇಳದ ಮದುವೆ ಕರೆಯೋಲೆ

ಕೆಲವು ತಿಂಗಳ ಹಿಂದೆ ನನ್ನ ಮೊಬೈಲಿಗೆ ಒಂದು ಮದುವೆ ಕರೆಯೋಲೆ ಬಂತು. ಹುಡುಗ, ಹುಡುಗಿ, ದಿನ ಎಲ್ಲ ಇತ್ತು. ಮದುವೆ ಎಲ್ಲಿ ಅಂತ ಮಾತ್ರ ಇರಲಿಲ್ಲ. ಬರುವವರು ಮೊದಲೇ ಪಾಸ್‌ಪೋರ್ಟಿನ ಫೋಟೊ ಕಳಿಸಬೇಕಂತೆ. ಜಾಗ ಆಮೇಲೆ ತಿಳಿಸುತ್ತಾರಂತೆ.

ನೀವು ಹೀಗೆ ಯಾರನ್ನಾದರೂ ಮದುವೆಗೆ ಕರೆದದ್ದುಂಟೆ? (ನಮ್ಮೂರಲ್ಲಿ ಸರ್ಕಲ್ಲಿಗೇ ಫ್ಲೆಕ್ಸ್ ಕಟ್ಟುತ್ತೇವೆ.)

ಕಳಿಸಿದವಳು ಮಿರಿಯಮ್. ದೋಹಾದ ನಮ್ಮ ಆಫೀಸಿನಲ್ಲಿ ನನ್ನ ಎದುರಿನ ಸೀಟಿನವಳು, ಇಂಗ್ಲೆಂಡಿನವಳು. ಮದುವೆ ಅವಳ ತಮ್ಮನದು. ಅಕೌಂಟ್ಸ್‌ನ ಝೊಹರಕ್ಕನಿಗೂ ಕಳಿಸಿದ್ದಳು. ಝೊಹರಕ್ಕ ವಿಟ್ಲದ ಕಡೆಯವರು. ನಾವು ಮೂವರೂ ಮಧ್ಯಾಹ್ನ ಒಟ್ಟಿಗೇ ಊಟಕ್ಕೆ ಕೂರುವವರು.

ಹಾಲ್ ಇನ್ನೂ ಬುಕ್ ಆಗಿಲ್ಲವಾ ಅಂತ ಅವತ್ತು ಊಟದ ಹೊತ್ತಿಗೆ ತಮಾಷೆ ಮಾಡಿದೆ. ಮಿರಿಯಮ್ ನಗಲಿಲ್ಲ. ಎದ್ದು ಪ್ಯಾಂಟ್ರಿಯ ಬಾಗಿಲು ಹಾಕಿ ಬಂದು, ತಾವು ಯಹೂದಿಗಳು ಅಂದಳು. ಇಷ್ಟು ವರ್ಷ ಆಫೀಸಿನಲ್ಲಿ ಯಾರಿಗೂ ಹೇಳಿರಲಿಲ್ಲ. (ಕ್ರಿಶ್ಚಿಯನ್ ಅಂತ ನಾವೇ ಅಂದುಕೊಂಡಿದ್ದೆವು.)

ಅವಳ ಊರಲ್ಲಿ ಅವರದೇ ಒಂದು ಸಂಘ ಇದೆಯಂತೆ. ಇಲ್ಲಿ ನಮ್ಮ ಸಂಘಗಳದ್ದು ರಾಜ್ಯೋತ್ಸವ, ಕ್ರಿಕೆಟ್ ಟೂರ್ನಮೆಂಟ್, ತೀರಿಕೊಂಡವರನ್ನು ಊರಿಗೆ ಕಳಿಸುವ ಕೆಲಸ. ಅವರ ಸಂಘದ್ದು ಕಾವಲು; ಪಾಸ್‌ಪೋರ್ಟ್ ಕೇಳಿದ್ದೂ, ಜಾಗ ಹೇಳದ್ದೂ ಅದಕ್ಕೇ. ಪ್ರಾರ್ಥನಾ ಮಂದಿರದ ಗೇಟಲ್ಲಿ, ಮಕ್ಕಳ ಶಾಲೆಯ ಎದುರು, ಮದುವೆ ಹಾಲಿನ ಹೊರಗೆ ವಾಲಂಟಿಯರ್‌ಗಳು ನಿಲ್ಲುತ್ತಾರೆ. ಚೂರಿ ಇಳಿಯದ ಜಾಕೆಟ್ ಹಾಕಿಕೊಂಡು! ಬೀದಿಯಲ್ಲಿ ಬೈಗುಳ ತಿಂದವರ ಜೊತೆ ಪೊಲೀಸ್ ಸ್ಟೇಷನ್ನಿಗೂ ಹೋಗುತ್ತಾರೆ. ನಿವೃತ್ತ ಮೇಷ್ಟ್ರಾದ ಅವಳ ಅಪ್ಪನೂ ಅವರಲ್ಲೊಬ್ಬರು. ಕಳೆದ ವರ್ಷ ಗೇಟಲ್ಲಿ ನಿಂತಿದ್ದಾಗ ಒಬ್ಬ ಗಾಜಾದ ಹೆಸರು ಕೂಗುತ್ತಾ ಬಂದು ಅವರನ್ನು ದೂಡಿದ. ಬಿದ್ದು ಕೈ ಮುರಿಯಿತು.

ಝೊಹರಕ್ಕ ಡಬ್ಬಿ ಮುಚ್ಚಿ ಎದ್ದು ಹೋದರು. ಒಂದು ವಾರ ನಮ್ಮ ಟೇಬಲ್ಲಿಗೆ ಬರಲಿಲ್ಲ. ಹೇಳಲೇಬಾರದಿತ್ತೇನೋ ಅಂತ ಮಿರಿಯಮ್ ನನ್ನ ಹತ್ತಿರ ಒಮ್ಮೆ ಅಂದಳು.

ಕೊನೆಗೆ ಒಂದು ಸಂಜೆ ಝೊಹರಕ್ಕನನ್ನು ಅವರ ಮನೆಯಿರುವ ನಜ್ಮಾದವರೆಗೆ ಕಾರಲ್ಲಿ ಬಿಡುವ ನೆಪದಲ್ಲಿ ಮಾತು ತೆಗೆದೆ. ಅವರ ಮನೆ ಬಂತು. ಇಳಿಯುವಾಗ ಬಾಗಿಲು ಹಿಡಿದು ನಿಂತರು.

"ಟೀವಿಯಲ್ಲಿ ಆ ಮಕ್ಕಳನ್ನು ನೋಡಿದರೆ ನನಗೆ ಅನ್ನ ಇಳಿಯುದಿಲ್ಲ ಮಾರಾಯ್ತಿ. ಆ ಸಿಟ್ಟು ಹೋಗುದಿಲ್ಲ. ಆದರೆ ಇವಳ ಅಪ್ಪನ ಕೈ ಮುರಿದನಲ್ಲ, ಅವ ಯಾರ ಪರವಾಗಿ ಮುರಿದದ್ದು? ನನ್ನ ಪರವಾಗಿಯಾ? ನಾನು ಹೇಳಿದ್ನಾ ಅವನಿಗೆ?"

ಮರುದಿನ ಟೇಬಲ್ಲಿಗೆ ಬಂದರು. ಮಿರಿಯಮಳ ತಟ್ಟೆಗೆ ಒಂದು ತುಂಡು ಮೀನು ಹಾಕಿದರು. ಆದರೆ ಮಾತು ಮೊದಲಿನ ಹಾಗೆ ಹರಿಯಲಿಲ್ಲ.

ರಜೆ, ವೀಸಾ ಯಾವುದೂ ಕೂಡಿಬರದೆ ನಾವಿಬ್ಬರೂ ಮದುವೆಗೆ ಹೋಗಲಿಲ್ಲ. ಮಿರಿಯಮ್ ಹೋಗಿ ಬಂದಳು. ಆಫೀಸಿನವರು ಫೋಟೊ ಕೇಳಿದರೆ ಫೋನ್ ಹಾಳಾಗಿದೆ ಅನ್ನುತ್ತಾಳೆ. ನಮಗೆ ಮಾತ್ರ ಒಂದು ವಿಡಿಯೊ ತೋರಿಸಿದಳು. ಒಳಗೆ ಹಾಡು, ಕುಣಿತ. ಹೊರಗೆ ಬಂದ ನೆಂಟರಿಗೆ ವಾಲಂಟಿಯರ್‌ಗಳು, ರಸ್ತೆಯಲ್ಲಿ ಗುಂಪಾಗಿ ನಿಲ್ಲಬೇಡಿ, ಬೇಗ ಹೊರಡಿ ಅನ್ನುತ್ತಿದ್ದರು. ಮದುಮಕ್ಕಳು ಹಿಂದಿನ ಬಾಗಿಲಿಂದ ಬಂದು ಕಾರು ಹತ್ತಿದರು.

ಮದುವೆ ಹೇಗಾಯಿತು ಅಂತ ಝೊಹರಕ್ಕ ಕೇಳಿದರು.

ಚೆನ್ನಾಗಿ ಆಯಿತು, ಯಾರಿಗೂ ಏನೂ ಆಗಲಿಲ್ಲ, ಅಂದಳು ಮಿರಿಯಮ್.

ಒಂದು ಮದುವೆಯ ಬಗ್ಗೆ ಹೇಳಬೇಕಾದ ಒಳ್ಳೆಯ ಸುದ್ದಿ ಇಷ್ಟೇನಾ?